ಚಂದ್ರನನ್ನು ಅಳೆದು, ರಾಕೆಟ್ ಹಾರಿಸಿ, ಇಳಿದು ನೋಡುವುದು: ಮನೆಯಲ್ಲೇ ಮಾಡಬಹುದಾದ ಪ್ರಯೋಗಗಳ ಸಮಗ್ರ ಮಾರ್ಗದರ್ಶಿ

ಮಕ್ಕಳಿಗೆ ಬಾಹ್ಯಾಕಾಶದ ರುಚಿ ಹತ್ತಿಸಬೇಕು ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ನೀರಿನ ಬಾಟಲಿಯ ರಾಕೆಟ್. ಪಂಪು ಹೊಡೆದರು, ಬಾಟಲಿ ಹಾರಿತು, ಚಪ್ಪಾಳೆ ಬಿತ್ತು, ಕಾರ್ಯಕ್ರಮ ಮುಗಿಯಿತು. ಎಷ್ಟು ಎತ್ತರ ಹೋಯಿತು? ಅರ್ಧ ಲೋಟ ನೀರು ಕಡಿಮೆ ಹಾಕಿದ್ದರೆ ಏನಾಗುತ್ತಿತ್ತು? ಕೇಳಿದರೆ ಯಾರೂ ಹೇಳುವುದಿಲ್ಲ, ಏಕೆಂದರೆ ಯಾರೂ ಅಳೆದಿರುವುದಿಲ್ಲ. ಈ ಮಾರ್ಗದರ್ಶಿಯಲ್ಲೂ ಬಾಟಲಿ ರಾಕೆಟ್ ಇದೆ. ಆದರೆ ಬೇಕೆಂದೇ ಅದನ್ನು ಹಿಂದಕ್ಕೆ ಹಾಕಿದ್ದೇನೆ. ಹೋಗಬೇಕಾದ ಜಾಗ ಎಲ್ಲಿದೆ, ಎಷ್ಟು ದೂರ, ಅಲ್ಲಿನ ನೆಲ ಎಂಥದ್ದು ಎಂದು ಗೊತ್ತಾದ ಮೇಲೆ ಹೊರಡುವುದು ಒಳ್ಳೆಯದು.

ಉದ್ದಕ್ಕೂ ಎರಡು ನಿಯಮಗಳನ್ನು ಪಾಲಿಸಿ. ಒಂದು, ಮಾಡಿದ್ದನ್ನೆಲ್ಲ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎರಡು, ಪ್ರತಿ ಪ್ರಯೋಗ ಮುಗಿದಾಗಲೂ "ಈ ಮಾದರಿ ಎಲ್ಲಿ ಸುಳ್ಳು ಹೇಳುತ್ತಿದೆ?" ಎಂದು ಕೇಳಿಕೊಳ್ಳಬೇಕು. ಚೆಂಡು ಚಂದ್ರನಲ್ಲ, ಹಿಟ್ಟು ಚಂದ್ರನ ಮಣ್ಣಲ್ಲ. ಎಲ್ಲಿಯವರೆಗೆ ಅವು ಹೊಂದುತ್ತವೆ, ಎಲ್ಲಿ ಕೈಕೊಡುತ್ತವೆ ಎಂದು ಪತ್ತೆಹಚ್ಚುವುದರಲ್ಲೇ ಅರ್ಧ ವಿಜ್ಞಾನ ಇದೆ.

ಬೇಕಾಗುವ ಸಾಮಾನು ಸಾಧಾರಣವಾದದ್ದು: ಅಳತೆ ಟೇಪು, ಕೋನಮಾಪಕ, ದಾರ, ಬೇರೆ ಬೇರೆ ಗಾತ್ರದ ಚೆಂಡು ಮತ್ತು ಗೋಲಿಗಳು, ಸ್ಟ್ರಾ, ಬಲೂನು, ರಟ್ಟು, ಅಂಟುಪಟ್ಟಿ, ಒಂದು ಟ್ರೇ, ಸೈಕಲ್ ಪಂಪು. ದೂರದರ್ಶಕ ಬೇಡ. ಬೈನಾಕ್ಯುಲರ್ ಇದ್ದರೆ ಸಂತೋಷ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಮೊದಲ ಹೆಜ್ಜೆ: ಒಂದು ತಿಂಗಳು ಚಂದ್ರನನ್ನು ಹಿಂಬಾಲಿಸಿ

ಅಮಾವಾಸ್ಯೆ ಕಳೆದು ಬಿದಿಗೆ ಅಥವಾ ತದಿಗೆಯ ಸಂಜೆ ಶುರುಮಾಡಿ. ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲೆ ಪಶ್ಚಿಮದಲ್ಲಿ ತೆಳ್ಳಗಿನ ಗೆರೆಯಂತೆ ಕಾಣುತ್ತಾನೆ. ಪ್ರತಿದಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಂತು ಮೂರು ವಿಷಯ ಬರೆಯಿರಿ: ಚಂದ್ರನ ಆಕಾರದ ಚಿತ್ರ, ಅವನಿರುವ ದಿಕ್ಕು, ದಿಗಂತದಿಂದ ಅವನ ಎತ್ತರ.

ಎತ್ತರ ಅಳೆಯಲು ನಿಮ್ಮ ಮುಷ್ಟಿಯೇ ಸಾಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಕಟ್ಟಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಮಕ್ಕಳ ಮುಷ್ಟಿ ಚಿಕ್ಕದು, ಆದರೆ ತೋಳೂ ಗಿಡ್ಡ. ಹಾಗಾಗಿ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಮೂರು ನಾಲ್ಕು ದಿನದಲ್ಲೇ ಒಂದು ಸಂಗತಿ ಎದ್ದು ಕಾಣುತ್ತದೆ: ಅದೇ ಹೊತ್ತಿಗೆ ನೋಡಿದರೂ ಚಂದ್ರ ದಿನಕ್ಕೆ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು ಪೂರ್ವಕ್ಕೆ ಸರಿದಿರುತ್ತಾನೆ. ನಕ್ಷತ್ರಗಳ ಹಿನ್ನೆಲೆಯಲ್ಲಿ ಅವನು ದಿನಕ್ಕೆ ಸುಮಾರು 13 ಡಿಗ್ರಿ ನಡೆಯುತ್ತಾನೆ, ಸೂರ್ಯನಿಂದ ದೂರವಾಗುವುದು ಸುಮಾರು 12 ಡಿಗ್ರಿ. ಪಂಚಾಂಗದ ಒಂದು ತಿಥಿ ಎಂದರೆ ಇದೇ 12 ಡಿಗ್ರಿ. ಮೂವತ್ತು ತಿಥಿಗೆ 360 ಡಿಗ್ರಿ, ಒಂದು ಪೂರ್ತಿ ಸುತ್ತು. ಸೂರ್ಯನಿಂದ 90 ಡಿಗ್ರಿ ದೂರವಾದಾಗ ಸರಿಯಾಗಿ ಅರ್ಧಚಂದ್ರ. ಅದು ಅಷ್ಟಮಿಯ ನಟ್ಟನಡುವೆ ಬರುತ್ತದೆ. ನಿಮ್ಮ ಮುಷ್ಟಿಯ ಲೆಕ್ಕವನ್ನು ಪಂಚಾಂಗದ ಪಕ್ಕ ಇಟ್ಟು ನೋಡಿ.

ಹುಣ್ಣಿಮೆ ದಾಟಿದ ಮೇಲೆ ಸಂಜೆಯ ಹೊತ್ತಿಗೆ ಚಂದ್ರ ಸಿಗುವುದಿಲ್ಲ. ದಿನದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಇಲ್ಲಿಯೇ ಅನೇಕರು ದಿನಚರಿ ಕೈಬಿಡುವುದು. ಬಿಡಬೇಡಿ, ವೀಕ್ಷಣೆಯನ್ನು ಬೆಳಗ್ಗೆಗೆ ಬದಲಿಸಿ. ಕೃಷ್ಣ ಪಕ್ಷದ ಅಷ್ಟಮಿಯ ಹೊತ್ತಿಗೆ ಸೂರ್ಯ ಹುಟ್ಟಿದ ಮೇಲೂ ಅರ್ಧಚಂದ್ರ ಆಕಾಶದಲ್ಲಿ ಎತ್ತರದಲ್ಲೇ ಇರುತ್ತಾನೆ. ಹಗಲಲ್ಲಿ ಚಂದ್ರ ಕಾಣುವುದಿಲ್ಲ ಎಂದು ನಂಬಿದವರಿಗೆ ಆ ಬೆಳಗು ತೋರಿಸಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ, ದಿನಚರಿ ಪೂರ್ತಿಯಾದಾಗ ಈ ಸಂಖ್ಯೆ ನಿಮ್ಮದೇ ಪುಟಗಳಿಂದ ಹೊರಬರಬೇಕು.

ಬೈನಾಕ್ಯುಲರ್ ಇದ್ದವರಿಗೆ ಒಂದು ಮಾತು. ಹುಣ್ಣಿಮೆಯ ದಿನ ನೋಡಿ ನಿರಾಶರಾಗಬೇಡಿ. ಅಂದು ಬೆಳಕು ನೆತ್ತಿಯಿಂದ ಬೀಳುವುದರಿಂದ ಕುಳಿಗಳ ನೆರಳೇ ಇರುವುದಿಲ್ಲ, ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಶುಕ್ಲ ಪಕ್ಷದ ಸಪ್ತಮಿಯಿಂದ ದಶಮಿಯವರೆಗೆ ಬೆಳಕು ಮತ್ತು ಕತ್ತಲೆಯ ಗಡಿಯ ಮೇಲೆ ಕಣ್ಣಿಡಿ. 1609ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ನೋಡಿದ್ದು ಈ ಗಡಿಯನ್ನೇ. ಕತ್ತಲೆಯ ಭಾಗದಲ್ಲಿ ಹೊಳೆಯುವ ಚುಕ್ಕೆಗಳು ಬಿಸಿಲು ತಾಗಿದ ಶಿಖರಗಳೆಂದು ಊಹಿಸಿ, ಅವು ಗಡಿಯಿಂದ ಇರುವ ದೂರದಿಂದ ಬೆಟ್ಟಗಳ ಎತ್ತರವನ್ನೇ ಲೆಕ್ಕಹಾಕಿದ. ಹುಣ್ಣಿಮೆ ಒಂದಕ್ಕೆ ಮಾತ್ರ ಚೆನ್ನ: ಟೈಕೋ ಕುಳಿಯಿಂದ ನಾಲ್ಕೂ ಕಡೆ ಚಿಮ್ಮಿದ ಬಿಳಿ ಗೆರೆಗಳು ಅಂದು ಎದ್ದು ಕಾಣುತ್ತವೆ. ಆ ಗೆರೆಗಳ ವಿಷಯ ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ಕೋಣೆಯೊಳಗೆ ತಿಂಗಳು

ಚಂದ್ರ ಕರಗುವುದು ಭೂಮಿಯ ನೆರಳು ಬೀಳುವುದರಿಂದ ಎಂದು ಹೇಳುವ ದೊಡ್ಡವರು ಎಷ್ಟೋ ಮಂದಿ. ಬಾಯಲ್ಲಿ ತಿದ್ದಿದರೆ ಇದು ಹೋಗುವುದಿಲ್ಲ. ಮಾಡಿ ತೋರಿಸಬೇಕು.

1. ಕೋಣೆ ಕತ್ತಲಾಗಿಸಿ, ತಲೆಯ ಮಟ್ಟದಲ್ಲಿ ಒಂದೇ ಒಂದು ಬಲ್ಬು ಹಚ್ಚಿ. ಇದು ಸೂರ್ಯ.
2. ಸುಮಾರು 5 ಸೆಂ.ಮೀ. ಅಗಲದ ಬಿಳಿ ಚೆಂಡನ್ನು ಪೆನ್ಸಿಲಿಗೆ ಸಿಕ್ಕಿಸಿ ತೋಳು ಚಾಚಿ ಹಿಡಿಯಿರಿ. ನಿಮ್ಮ ತಲೆಯೇ ಭೂಮಿ.
3. ಬಲ್ಬಿಗೆ ಮುಖಮಾಡಿ ನಿಂತರೆ ಚೆಂಡಿನ ಕತ್ತಲ ಮುಖ ನಿಮ್ಮ ಕಡೆಗಿದೆ: ಅಮಾವಾಸ್ಯೆ.
4. ನಿಂತಲ್ಲೇ ನಿಧಾನವಾಗಿ ಎಡಕ್ಕೆ ತಿರುಗಿ. ಕಾಲು ಸುತ್ತಿಗೆ ಅರ್ಧಚಂದ್ರ, ಅರ್ಧ ಸುತ್ತಿಗೆ ಹುಣ್ಣಿಮೆ. ಪ್ರತಿ ಹಂತದಲ್ಲೂ ನಿಂತು, ದಿನಚರಿಯ ಚಿತ್ರಗಳಲ್ಲಿ ಇದು ಯಾವ ದಿನದ್ದು ಎಂದು ಹುಡುಕಿ.
5. ನಿಮ್ಮ ಕಡೆಗಿರುವ ಮುಖಕ್ಕೆ ಒಂದು ಚುಕ್ಕೆ ಇಟ್ಟು ಮತ್ತೆ ಸುತ್ತಿ. ಚುಕ್ಕೆ ಸದಾ ನಿಮ್ಮನ್ನೇ ನೋಡುತ್ತದೆ. ಹೊರಗೆ ನಿಂತು ನೋಡುವವರಿಗೆ ಮಾತ್ರ ಚೆಂಡು ತನ್ನ ಸುತ್ತಲೂ ಒಂದು ಬಾರಿ ತಿರುಗಿದ್ದು ಕಾಣುತ್ತದೆ. ಚಂದ್ರನ ಆಚೆ ಬದಿ ನಮಗೆ ಕಾಣದಿರುವುದು ಇದಕ್ಕೇ. 1959ರಲ್ಲಿ ಸೋವಿಯತ್ ನೌಕೆ ಲೂನಾ 3 ಚಿತ್ರ ತೆಗೆಯುವವರೆಗೂ ಅದನ್ನು ಯಾರೂ ಕಂಡಿರಲಿಲ್ಲ.

ಕಣ್ಣು ಕಾಣದವರೂ ಇದನ್ನು ಮಾಡಬಹುದು. ಚೆಂಡಿನ ಅರ್ಧಕ್ಕೆ ಉಜ್ಜುಕಾಗದ ಅಂಟಿಸಿ, ಅದು ಬಿಸಿಲಿನ ಬದಿ ಎಂದಿಟ್ಟುಕೊಳ್ಳಿ. ಸಹಾಯಕರೊಬ್ಬರು ಆ ಒರಟು ಬದಿಯನ್ನು ಸದಾ ಒಂದೇ ಗೋಡೆಯ ಕಡೆಗಿಟ್ಟು ಚೆಂಡನ್ನು ಸುತ್ತ ಒಯ್ಯಲಿ. ಮಧ್ಯದಲ್ಲಿ ನಿಂತವರು ತಮ್ಮ ಕಡೆಯ ಮುಖವನ್ನು ಮಾತ್ರ ಮುಟ್ಟಿ, ಒರಟು ಎಷ್ಟು, ನುಣುಪು ಎಷ್ಟು ಎಂದು ಹೇಳಲಿ. ಕಣ್ಣಿದ್ದವರಿಗೂ ಕಣ್ಣು ಮುಚ್ಚಿಸಿ ಹೀಗೆ ಮಾಡಿಸಿ. ನೋಡಿ ತಲೆಯಾಡಿಸಿದವರಿಗಿಂತ ಮುಟ್ಟಿ ಹೇಳಿದವರಿಗೆ ವಿಷಯ ಗಟ್ಟಿಯಾಗಿ ಕೂರುತ್ತದೆ.

ಈಗ ಸುಳ್ಳಿನ ಪ್ರಶ್ನೆ. ಹುಣ್ಣಿಮೆಯ ಜಾಗಕ್ಕೆ ಬಂದಾಗ ಚೆಂಡು ನಿಮ್ಮ ತಲೆಯ ನೆರಳಿನಲ್ಲಿ ಮುಳುಗುತ್ತದೆ. ಈ ಮಾದರಿಯನ್ನು ನಂಬಿದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಆಗಬೇಕು. ಆಗುವುದಿಲ್ಲ ಏಕೆ? ಮೊದಲನೆಯದು, ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ವಾಲಿದೆ, ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲೋ ಕೆಳಗೋ ಹಾದುಹೋಗುತ್ತಾನೆ. ಎರಡನೆಯದು, ಚೆಂಡು ನಿಮಗೆ ತೀರಾ ಹತ್ತಿರದಲ್ಲಿದೆ. ತಲೆ ಭೂಮಿಯಾದರೆ ಚೆಂಡು ಐದಾರು ಮೀಟರ್ ಆಚೆ ಇರಬೇಕಿತ್ತು. ಅಷ್ಟು ದೂರ ಎಂದು ಹೇಗೆ ಗೊತ್ತು?

ಮೂರನೆಯ ಹೆಜ್ಜೆ: ದೂರವನ್ನು ದಾರದಲ್ಲಿ ಹಿಡಿಯುವುದು

ಕಾಗದದಲ್ಲಿ ಸರಿಯಾಗಿ 1 ಸೆಂ.ಮೀ. ಅಗಲದ ಬಿಲ್ಲೆ ಕತ್ತರಿಸಿ ಕಿಟಕಿಯ ಗಾಜಿಗೆ ಅಂಟಿಸಿ. ಹುಣ್ಣಿಮೆಯ ಆಸುಪಾಸಿನಲ್ಲಿ ಒಂದೇ ಕಣ್ಣಿನಿಂದ ನೋಡುತ್ತ, ಬಿಲ್ಲೆ ಚಂದ್ರನನ್ನು ಸರಿಯಾಗಿ ಮುಚ್ಚುವವರೆಗೆ ಹಿಂದೆ ಸರಿಯಿರಿ. ಗಾಜಿನಿಂದ ಕಣ್ಣಿಗೆ ಎಷ್ಟು ದೂರ ಎಂದು ಇನ್ನೊಬ್ಬರು ಅಳೆಯಲಿ. ಸುಮಾರು 110 ಸೆಂ.ಮೀ. ಬರಬೇಕು. ಅರ್ಥ ಇಷ್ಟೇ: ಚಂದ್ರ ತನ್ನ ಅಗಲದ 110 ಪಟ್ಟು ದೂರದಲ್ಲಿದ್ದಾನೆ. ಅವನ ಅಗಲ 3,474 ಕಿ.ಮೀ.; ಗುಣಿಸಿದರೆ 3,82,000 ಕಿ.ಮೀ. ಸಿಗುತ್ತದೆ. ಸರಾಸರಿ ದೂರ 3,84,400 ಕಿ.ಮೀ. ಒಂದು ತುಂಡು ಕಾಗದಕ್ಕೆ ಇದು ಸಣ್ಣ ಸಾಧನೆಯಲ್ಲ. ಹುಟ್ಟುವಾಗ ಚಂದ್ರ ಭಾರೀ ದೊಡ್ಡದಾಗಿ ಕಾಣುತ್ತಾನಲ್ಲ, ಆಗಲೂ ಇದೇ ಬಿಲ್ಲೆ, ಇದೇ ದೂರ ಸಾಕಾಗುತ್ತದೆ. ದೊಡ್ಡದಾಗಿ ಕಾಣಿಸುವುದು ನಮ್ಮ ಮೆದುಳಿನ ಆಟ. ಆದರೆ ಈ ಪ್ರಯೋಗವನ್ನು ಸೂರ್ಯನ ಮೇಲೆ ಎಂದೂ ಮಾಡಬೇಡಿ, ಕಣ್ಣು ಹೋಗುತ್ತದೆ.

ಮುಂದಿನದು ನನಗೆ ಬಲು ಇಷ್ಟದ್ದು. ಒಂದು ಬ್ಯಾಸ್ಕೆಟ್‌ಬಾಲ್ ಮತ್ತು ಒಂದು ಟೆನಿಸ್ ಚೆಂಡು ತನ್ನಿ. ಎರಡರ ಅಗಲದ ಪ್ರಮಾಣ ಭೂಮಿ ಮತ್ತು ಚಂದ್ರರ ಪ್ರಮಾಣಕ್ಕೆ ಚೆನ್ನಾಗಿ ಹೊಂದುತ್ತದೆ. ಎರಡನ್ನೂ ಸೇರಿದವರ ಕೈಗೆ ಕೊಟ್ಟು, ಇವುಗಳ ನಡುವೆ ಎಷ್ಟು ಅಂತರ ಇರಬೇಕೋ ಅಷ್ಟಕ್ಕೆ ನಿಲ್ಲಿ ಎಂದು ಹೇಳಿ. ಬಹುತೇಕರು ಒಂದು ಮೀಟರಿನೊಳಗೇ ನಿಲ್ಲುತ್ತಾರೆ. ಪುಸ್ತಕದ ಚಿತ್ರಗಳು ಮಾಡಿದ ಅನಾಹುತ ಇದು. ಆಮೇಲೆ ದೊಡ್ಡ ಚೆಂಡಿನ ನಡುವಿಗೆ ದಾರವನ್ನು ಒಂಬತ್ತೂವರೆ ಸುತ್ತು ಸುತ್ತಿ, ಬಿಚ್ಚಿ, ಎಳೆದು ಹಿಡಿಯಿರಿ. ಏಳು ಮೀಟರಿಗೂ ಹೆಚ್ಚು ಉದ್ದ ಬರುತ್ತದೆ. ಚಂದ್ರನ ಜಾಗ ಅದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ, ಈ ಮಾದರಿಯಲ್ಲಿ ಅದು ದೊಡ್ಡ ಚೆಂಡಿನ ಮೈಯಿಂದ 1 ಸೆಂ.ಮೀ. ಕೂಡ ಮೇಲಿಲ್ಲ. ಗಗನಯಾತ್ರಿಗಳು ನಿಲ್ದಾಣಕ್ಕೆ ಹೋಗುವುದಕ್ಕೂ ಚಂದ್ರನಿಗೆ ಹೋಗುವುದಕ್ಕೂ ಇರುವ ವ್ಯತ್ಯಾಸ ದಾರದ ಎರಡು ತುದಿಯಲ್ಲಿ ನಿಂತಾಗ ತಾನಾಗಿ ತಿಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಟ್ರೇಯಲ್ಲಿ ಕುಳಿಗಳು

ಚಂದ್ರನ ಮೇಲೆ ಗಾಳಿಯಿಲ್ಲ, ಮಳೆಯಿಲ್ಲ. ಕೋಟಿ ವರ್ಷಗಳ ಹಿಂದೆ ಬಿದ್ದ ಪೆಟ್ಟಿನ ಗುರುತೂ ಹಾಗೇ ಉಳಿದಿದೆ. ಆ ಪೆಟ್ಟುಗಳನ್ನು ನಾವೇ ಹಾಕಿ ನೋಡೋಣ.

ಅಗಲವಾದ ಟ್ರೇಗೆ 8 ಸೆಂ.ಮೀ. ಆಳಕ್ಕೆ ಹಿಟ್ಟು ಅಥವಾ ಒಣಗಿದ ನುಣ್ಣನೆಯ ಮರಳು ತುಂಬಿ, ಮೇಲ್ಮೈ ಸಮಮಾಡಿ. ಅದರ ಮೇಲೆ ಜರಡಿಯಿಂದ ಬೇರೆ ಬಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ. ಕೆಳಗೆ ಹಳೆಯ ಬಟ್ಟೆಯೋ ಪತ್ರಿಕೆಯೋ ಹಾಸಿರಲಿ, ಏಕೆಂದರೆ ಹಿಟ್ಟು ನೀವಂದುಕೊಂಡದ್ದಕ್ಕಿಂತ ದೂರ ಹಾರುತ್ತದೆ. ಹತ್ತಿರ ಬೆಂಕಿ ಇರಬಾರದು. ಗಾಳಿಯಲ್ಲಿ ಹರಡಿದ ಹಿಟ್ಟಿನ ದೂಳು ಹೊತ್ತಿಕೊಳ್ಳುತ್ತದೆ.

ಒಂದೇ ಗೋಲಿಯನ್ನು 25, 50, 100, 200 ಸೆಂ.ಮೀ. ಎತ್ತರದಿಂದ ಬೀಳಿಸಿ. ಎಸೆಯಬಾರದು, ಬರೀ ಕೈಬಿಡಬೇಕು. ಪ್ರತಿ ಎತ್ತರಕ್ಕೂ ಮೂರು ಬಾರಿ ಬೀಳಿಸಿ, ಕುಳಿಯ ಅಗಲ ಅಳೆದು ಸರಾಸರಿ ತೆಗೆಯಿರಿ. ಗೋಲಿಯನ್ನು ತೆಗೆಯುವಾಗ ಅಂಚು ಕುಸಿಯದಂತೆ ಚಿಮಟ ಅಥವಾ ಆಯಸ್ಕಾಂತ ಬಳಸಿ. ಕಬ್ಬಿಣದ ಗುಂಡಾದರೆ ಆಯಸ್ಕಾಂತ ಬಹಳ ಅನುಕೂಲ. ಅಳೆಯುವ ಮುಂಚೆ ಎಲ್ಲರೂ ಊಹೆ ಬರೆಯಲಿ: ಎತ್ತರ ಎರಡು ಪಟ್ಟಾದರೆ ಕುಳಿ ಎಷ್ಟು ಪಟ್ಟು?

ಬಹುತೇಕರು ಎರಡು ಪಟ್ಟು ಎನ್ನುತ್ತಾರೆ. ನಕ್ಷೆ ಹಾಕಿದಾಗ ಗೆರೆ ಬಾಗಿ ಮಲಗುತ್ತದೆ. ಇಂಥ ಸಣ್ಣ ಪ್ರಯೋಗಗಳಲ್ಲಿ ಕುಳಿಯ ಅಗಲ ಎರಡು ಪಟ್ಟಾಗಲು ಪೆಟ್ಟಿನ ಶಕ್ತಿ ಸುಮಾರು 16 ಪಟ್ಟು ಬೇಕು, ಏಕೆಂದರೆ ಅಗಲದ ಜೊತೆ ಆಳವನ್ನೂ ತೋಡಬೇಕು, ತೋಡಿದ್ದನ್ನು ಎತ್ತಿ ಆಚೆ ಹಾಕಲೂ ಬೇಕು. ನಿಮ್ಮ 25 ಸೆಂ.ಮೀ.ಗೂ 200 ಸೆಂ.ಮೀ.ಗೂ ಶಕ್ತಿ 8 ಪಟ್ಟು ಬದಲಾದರೂ ಅಗಲ ಎರಡು ಪಟ್ಟನ್ನು ಮುಟ್ಟುವುದಿಲ್ಲ.

ಈಗ ಕುಳಿಯ ಸುತ್ತ ನೋಡಿ. ಕೆಳಗಿನ ಬಣ್ಣ ಮೇಲೆ ಬಂದು ನಾಲ್ಕೂ ಕಡೆ ಗೆರೆಗೆರೆಯಾಗಿ ಚಿಮ್ಮಿದೆ. ಹುಣ್ಣಿಮೆಯ ಟೈಕೋ ಇದೇ. ಆ ಕುಳಿಯ ಅಗಲ ಸುಮಾರು 85 ಕಿ.ಮೀ., ವಯಸ್ಸು ಸುಮಾರು 11 ಕೋಟಿ ವರ್ಷ. ಚಂದ್ರನ ಲೆಕ್ಕದಲ್ಲಿ ಎಳೆಯದು, ಅದಕ್ಕೇ ಅದರ ಗೆರೆಗಳು ಇನ್ನೂ ಮಾಸಿಲ್ಲ. ಟ್ರೇಯಲ್ಲಿ ಒಂದರ ಮೇಲೊಂದು ಕುಳಿ ಬೀಳಿಸಿ, ಆಗ ಕೋಣೆಯಲ್ಲಿ ಇಲ್ಲದವರನ್ನು ಕರೆದು ಯಾವುದು ಮೊದಲು ಬಿದ್ದದ್ದು ಎಂದು ಕೇಳಿ. ವಿಜ್ಞಾನಿಗಳು ಚಂದ್ರನ ಪ್ರದೇಶಗಳ ಹಿರಿತನ ನಿರ್ಧರಿಸುವ ಮೊದಲ ದಾರಿ ಇದೇ: ಯಾವುದು ಯಾವುದನ್ನು ಕತ್ತರಿಸಿದೆ, ಎಲ್ಲಿ ಕುಳಿಗಳು ದಟ್ಟವಾಗಿವೆ.

ಆಮೇಲೆ ದೀಪ ಆರಿಸಿ ಟಾರ್ಚನ್ನು ಟ್ರೇಯ ಅಂಚಿನಲ್ಲಿ ಮಲಗಿಸಿ ಹಚ್ಚಿ. ಸಮತಟ್ಟಾಗಿ ಕಂಡದ್ದೆಲ್ಲ ಉಬ್ಬುತಗ್ಗಾಗಿ ಎದ್ದು ಬರುತ್ತದೆ. ಟಾರ್ಚನ್ನು ಮೇಲಕ್ಕೆ ತಂದರೆ ಮತ್ತೆ ಚಪ್ಪಟೆ. ಹುಣ್ಣಿಮೆಯಂದು ಬೈನಾಕ್ಯುಲರಿನಲ್ಲಿ ಕುಳಿ ಕಾಣದಿದ್ದದ್ದಕ್ಕೆ ಕಾರಣ ಟ್ರೇಯಲ್ಲೇ ಸಿಕ್ಕಿತು.

ಟ್ರೇ ಸುಳ್ಳು ಹೇಳುವುದು ವೇಗದ ವಿಷಯದಲ್ಲಿ. 2 ಮೀಟರಿನಿಂದ ಬಿದ್ದ ಗೋಲಿ ಹಿಟ್ಟು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಬಾಹ್ಯಾಕಾಶದ ಬಂಡೆ ಚಂದ್ರನಿಗೆ ಬಡಿಯುವುದು ಸೆಕೆಂಡಿಗೆ ಹತ್ತಾರು ಕಿಲೋಮೀಟರಿನಲ್ಲಿ. ಆ ವೇಗದಲ್ಲಿ ಬಂಡೆ ಅಲ್ಲೇ ಸಿಡಿದು ಆವಿಯಾಗುತ್ತದೆ. ಗೋಲಿಯನ್ನು ಓರೆಯಾಗಿ ಎಸೆದರೆ ಟ್ರೇಯಲ್ಲಿ ಉದ್ದನೆಯ ಗುಳಿ ಬೀಳುತ್ತದೆ. ಚಂದ್ರನ ಮೇಲೆ ತೀರಾ ಓರೆಯಾಗಿ ಬಂದವನ್ನು ಬಿಟ್ಟರೆ ಉಳಿದವೆಲ್ಲ ದುಂಡಗಿನ ಕುಳಿಯನ್ನೇ ತೋಡುತ್ತವೆ, ಏಕೆಂದರೆ ಅಲ್ಲಿ ಕೆಲಸ ಮಾಡುವುದು ಸ್ಫೋಟ. ದೊಡ್ಡ ಕುಳಿಗಳ ನಡುವೆ ಎದ್ದುನಿಲ್ಲುವ ಶಿಖರವನ್ನೂ ಹಿಟ್ಟು ತೋರಿಸಲಾರದು.

ಐದನೆಯ ಹೆಜ್ಜೆ: ಹಲಗೆಯ ಮೇಲೆ ಚಂದ್ರನ ಗುರುತ್ವ

ಚಂದ್ರನ ಗುರುತ್ವ ಭೂಮಿಯದರ ಆರನೇ ಒಂದು ಭಾಗ ಎಂದು ಓದುವುದು ಬೇರೆ, ಅದನ್ನು ಕಣ್ಣಾರೆ ಕಾಣುವುದು ಬೇರೆ. 1 ಮೀಟರ್ ಉದ್ದದ ನುಣುಪಾದ ಹಲಗೆಯ ಒಂದು ತುದಿಯನ್ನು 23 ಸೆಂ.ಮೀ. ಎತ್ತರಿಸಿ, ಗೋಲಿಯನ್ನು ಮೇಲಿನಿಂದ ಕೈಬಿಡಿ. ಗೋಲಿ ಉರುಳುವಾಗ ಶಕ್ತಿಯ ಒಂದಂಶ ತಿರುಗುವುದಕ್ಕೇ ಹೋಗುತ್ತದೆ. ಅದನ್ನೂ ಲೆಕ್ಕ ಹಿಡಿದರೆ ಈ ಇಳಿಜಾರಿನಲ್ಲಿ ಅದರ ವೇಗ ಏರುವ ದರ ಚಂದ್ರನ ಮೇಲೆ ಬೀಳುವ ಕಲ್ಲಿನದಷ್ಟೇ, ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 1.6 ಮೀಟರ್. 1 ಮೀಟರ್ ಉರುಳಲು ಅದಕ್ಕೆ 1.1 ಸೆಕೆಂಡು ಬೇಕು. ಅದೇ ಹೊತ್ತಿಗೆ ಇನ್ನೊಂದು ಗೋಲಿಯನ್ನು 1 ಮೀಟರ್ ಎತ್ತರದಿಂದ ನೇರ ಬಿಟ್ಟರೆ 0.45 ಸೆಕೆಂಡಿನಲ್ಲಿ ನೆಲದ ಮೇಲಿರುತ್ತದೆ. ಎರಡು ಸದ್ದುಗಳ ನಡುವಿನ ಅಂತರವನ್ನು ಕಿವಿಯಿಂದಲೇ ಕೇಳಬಹುದು. ಫೋನಿನ ನಿಧಾನಗತಿಯ ವಿಡಿಯೊ ಇದ್ದರೆ ಅಳೆಯಲೂ ಬಹುದು.

ಹಲಗೆ ಅಗಲವಾಗಿದ್ದರೆ ಗೋಲಿಯನ್ನು ಅಡ್ಡಡ್ಡವಾಗಿ, ಸ್ವಲ್ಪ ಮೇಲ್ಮುಖವಾಗಿ ಉರುಳಿಸಿ. ಅದು ನಿಧಾನವಾಗಿ ಏರಿ, ಬಾಗಿ, ಇಳಿಯುವ ದಾರಿ ಚಂದ್ರನ ಮೇಲೆ ಎಸೆದ ಚೆಂಡಿನ ದಾರಿ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಒಂದು ಸುತ್ತಿಗೆಯನ್ನೂ ಒಂದು ಗರಿಯನ್ನೂ ಅಲ್ಲಿ ಒಟ್ಟಿಗೆ ಬಿಟ್ಟು ತೋರಿಸಿದ. ಗಾಳಿಯೇ ಇಲ್ಲದ್ದರಿಂದ ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಆರನೆಯ ಹೆಜ್ಜೆ: ರಾಕೆಟ್, ಚಿಕ್ಕದರಿಂದ ದೊಡ್ಡದಕ್ಕೆ

ಬಲೂನಿನಿಂದ ಶುರುಮಾಡಿ. ಐದಾರು ಮೀಟರ್ ದಾರಕ್ಕೆ ಸ್ಟ್ರಾ ಪೋಣಿಸಿ ಎರಡು ಕುರ್ಚಿಗಳ ನಡುವೆ ಬಿಗಿದು, ಊದಿದ ಬಲೂನನ್ನು ಸ್ಟ್ರಾಗೆ ಅಂಟಿಸಿ ಬಾಯಿ ಬಿಡಿ. ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ಹೊರಬಂದ ಗಾಳಿ ಹಿಂದಿನ ಗಾಳಿಯನ್ನು ತಳ್ಳುವುದರಿಂದ ಬಲೂನು ಓಡುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೈಯಬೇಡಿ; 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೂ ಇದೇ ತರ್ಕದಿಂದ ರಾಬರ್ಟ್ ಗೊಡ್ಡಾರ್ಡ್‌ನನ್ನು ಹಾಸ್ಯಮಾಡಿ, ನಿರ್ವಾತದಲ್ಲಿ ರಾಕೆಟ್ ಕೆಲಸ ಮಾಡದು ಎಂದಿತ್ತು. ಗೊಡ್ಡಾರ್ಡ್ 1926ರ ಮಾರ್ಚ್ 16ರಂದು ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಹಾರಿಸಿದ. ಪತ್ರಿಕೆ ತಿದ್ದುಪಡಿ ಹಾಕಿದ್ದು 1969ರ ಜುಲೈನಲ್ಲಿ, ಅಪೊಲೊ 11 ಚಂದ್ರನ ದಾರಿಯಲ್ಲಿದ್ದಾಗ. ರಾಕೆಟ್ಟಿಗೆ ಒರಗಲು ಗಾಳಿ ಬೇಕಿಲ್ಲ. ತಾನು ಹಿಂದಕ್ಕೆ ಎಸೆದ ವಸ್ತುವೇ ಅದನ್ನು ಮುಂದಕ್ಕೆ ನೂಕುತ್ತದೆ.

ಬಲೂನಿಗೆ ಒಂದೊಂದೇ ಪೇಪರ್ ಕ್ಲಿಪ್ಪು ಸೇರಿಸುತ್ತ, ಎಷ್ಟು ದೂರ ಹೋಗುತ್ತದೆ ಬರೆಯಿರಿ. ಭಾರ ಏರಿದಂತೆ ಓಟ ಕುಸಿಯುವುದನ್ನು ಕಂಡ ಮೇಲೆ ಈ ಸಂಖ್ಯೆಗಳು ಅರ್ಥವಾಗುತ್ತವೆ: 2023ರ ಜುಲೈ 14ರಂದು ಚಂದ್ರಯಾನ-3 ಹೊತ್ತು ಹೊರಟ ಎಲ್‌ವಿಎಂ3 ರಾಕೆಟ್ಟಿನ ತೂಕ ಸುಮಾರು 640 ಟನ್. ಅದು ಹೊತ್ತದ್ದು 3.9 ಟನ್. ಕೊನೆಗೆ ಚಂದ್ರನ ನೆಲದ ಮೇಲೆ ಉರುಳಿದ ಪ್ರಗ್ಯಾನ್ ರೋವರಿನ ತೂಕ 26 ಕೆ.ಜಿ. ಉಳಿದದ್ದರಲ್ಲಿ ಬಹುಪಾಲು ಇಂಧನ, ಖಾಲಿಯಾದ ಮೇಲೆ ಬಿಸಾಡಬೇಕಾದ ಕೊಳವೆಗಳು.

ಬಿಸಾಡುವುದನ್ನೂ ಬಲೂನಿನಲ್ಲೇ ಮಾಡಬಹುದು. ಉದ್ದನೆಯ ಎರಡು ಬಲೂನು, ಕಾಗದದ ಲೋಟದಿಂದ ಕತ್ತರಿಸಿದ ಒಂದು ಬಳೆ ಸಾಕು. ಮುಂದಿನ ಬಲೂನನ್ನು ಊದಿ ಅದರ ಬಾಯಿಯನ್ನು ಬಳೆಯೊಳಗೆ ತಂದು ಒತ್ತಿಹಿಡಿಯಿರಿ. ಹಿಂದಿನ ಬಲೂನಿನ ತಲೆಯನ್ನು ಅದೇ ಬಳೆಯೊಳಗೆ ತೂರಿಸಿ ಊದಿದರೆ ಅದು ಮುಂದಿನದರ ಬಾಯಿಯನ್ನು ಅದುಮಿ ಮುಚ್ಚುತ್ತದೆ. ಎರಡನ್ನೂ ಒಂದೊಂದು ಸ್ಟ್ರಾಗೆ ಅಂಟಿಸಿ, ಹಿಂದಿನದನ್ನು ಬಿಡಿ. ಅದು ಕುಗ್ಗಿದಾಗ ಮುಂದಿನದು ಕಳಚಿಕೊಂಡು ತಾನೇ ಹೊರಡುತ್ತದೆ. ಮೊದಲ ಯತ್ನಕ್ಕೆ ಕೂಡಿಬರುವುದು ಅಪರೂಪ, ತಾಳ್ಮೆ ಇರಲಿ.

ಮುಂದೆ ಕಾಗದದ ರಾಕೆಟ್. ಕಾಗದದ ಪಟ್ಟಿಯನ್ನು ಪೆನ್ಸಿಲಿಗೆ ಸುತ್ತಿ ಅಂಟಿಸಿ, ತುದಿ ಮಡಚಿ ಮುಚ್ಚಿ, ಪೆನ್ಸಿಲ್ ಹೊರತೆಗೆಯಿರಿ. ಹಿಂಭಾಗಕ್ಕೆ ಮೂರು ರೆಕ್ಕೆ ಅಂಟಿಸಿ, ಸ್ಟ್ರಾಗೆ ಏರಿಸಿ ಊದಿ. ಮುಖದ ಕಡೆಗೆ ಬೇಡ. 15, 30, 45, 60, 75 ಡಿಗ್ರಿಗಳಲ್ಲಿ ಹಾರಿಸಿ ದೂರ ಬರೆಯಿರಿ. ಇದರಲ್ಲಿ ನೋಡಲೇಬೇಕಾದದ್ದು ರೆಕ್ಕೆಯ ಕೆಲಸ: ರೆಕ್ಕೆ ಇಲ್ಲದೆ ಒಮ್ಮೆ, ಮೂತಿಯ ಬಳಿ ಅಂಟಿಸಿ ಒಮ್ಮೆ, ಹಿಂದೆ ಅಂಟಿಸಿ ಒಮ್ಮೆ. ಮೊದಲೆರಡೂ ಲಾಗ ಹಾಕುತ್ತವೆ. ರಾಕೆಟ್ಟಿನ ತೂಕ ಮುಂದೆ, ಗಾಳಿ ಹಿಡಿಯುವ ಭಾಗ ಹಿಂದೆ ಇದ್ದರೆ ಮಾತ್ರ ಅದು ನೆಟ್ಟಗೆ ಹೋಗುತ್ತದೆ.

ಈಗ ಬಾಟಲಿ. ಇದಕ್ಕೆ ದೊಡ್ಡವರೊಬ್ಬರು ಜೊತೆಗಿರಲೇಬೇಕು.

1. ಸೋಡಾ ತುಂಬಿ ಬರುವ 1 ಅಥವಾ 2 ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನೇ ತೆಗೆದುಕೊಳ್ಳಿ. ಅದು ಒತ್ತಡ ತಡೆಯಲೆಂದೇ ಮಾಡಿದ್ದು. ಕುಡಿಯುವ ನೀರಿನ ತೆಳು ಬಾಟಲಿ, ಗೀರು ಬಿದ್ದದ್ದು, ಸೊಟ್ಟಗಾದದ್ದು ಬೇಡ.
2. ಬಾಟಲಿಯ ತಳವೇ ರಾಕೆಟ್ಟಿನ ಮೂತಿ. ಅಲ್ಲಿಗೆ ಹೂರಣದಂತೆ ಮೆತ್ತಗಿನ ಜೇಡಿಮಣ್ಣಿನ ಉಂಡೆ ಇಟ್ಟು ರಟ್ಟಿನ ಟೊಪ್ಪಿ ಹಾಕಿ. ಲೋಹದ ತುಂಡು ಎಲ್ಲೂ ಬೇಡ. ಕತ್ತಿನ ಕಡೆಗೆ ರಟ್ಟಿನ ಮೂರು ರೆಕ್ಕೆ.
3. ಖಾಲಿ ಬಾಟಲಿಯ ತೂಕ ಸಮನಾಗುವ ಜಾಗಕ್ಕೆ ದಾರ ಕಟ್ಟಿ ತಲೆಯ ಮೇಲೆ ಗಿರಕಿ ಹೊಡೆಸಿ. ಮೂತಿ ಮುಂದಾಗಿ ಸುತ್ತಿದರೆ ಸರಿ. ಅಡ್ಡಾದಿಡ್ಡಿ ಹೊರಳಿದರೆ ಮೂತಿಗೆ ಇನ್ನಷ್ಟು ಮಣ್ಣು ಹಾಕಿ.
4. ಬಾಯಿಗೆ ಬಿಗಿಯಾಗಿ ಕೂರುವ ರಬ್ಬರ್ ಬಿರಡೆಗೆ ಫುಟ್‌ಬಾಲ್ ಊದುವ ಸೂಜಿ ಚುಚ್ಚಿ, ಅದಕ್ಕೆ ಉದ್ದನೆಯ ಕೊಳವೆಯಿಂದ ಪಂಪು ಜೋಡಿಸಿ. ಒತ್ತಡ ತೋರಿಸುವ ಮುಳ್ಳಿರುವ ಪಂಪಾದರೆ ಉತ್ತಮ.
5. ಮೂರನೇ ಒಂದು ಭಾಗ ನೀರು ತುಂಬಿ, ಬಿರಡೆ ಒತ್ತಿ, ಬಾಟಲಿಯನ್ನು ಬಾಯಿ ಕೆಳಗಾಗಿ ಗಟ್ಟಿ ಆಸರೆಯ ಮೇಲೆ ನಿಲ್ಲಿಸಿ.
6. ಸುತ್ತ 30 ಮೀಟರಾದರೂ ಬಯಲಿರಲಿ; ತಂತಿ, ಮರ, ಮನೆ ಬೇಡ. ಪಂಪು ಹೊಡೆಯುವವರೂ 5 ಮೀಟರ್ ದೂರ ಇದ್ದು ಕನ್ನಡಕ ಧರಿಸಲಿ. ಬಾಟಲಿಯ ಮೇಲೆ ಯಾರೂ ಬಗ್ಗಬಾರದು.
7. 2ರಿಂದ 3 ಬಾರ್ ಒತ್ತಡದಲ್ಲಿ ಬಿರಡೆ ತಾನಾಗಿ ಕಳಚಬೇಕು. 3 ಬಾರ್ ದಾಟಿದರೂ ಅಲುಗದಿದ್ದರೆ ಪಂಪು ನಿಲ್ಲಿಸಿ, ದೂರದಿಂದಲೇ ಪಂಪಿನ ತುದಿಯಲ್ಲಿ ಗಾಳಿ ಬಿಟ್ಟು, ಆಮೇಲಷ್ಟೇ ಹತ್ತಿರ ಹೋಗಿ.

ಬೆಂಕಿಕಡ್ಡಿಯ ಮದ್ದು, ಪಟಾಕಿಯ ಪುಡಿ ಇಂಥದ್ದನ್ನು ಯಾವ ರಾಕೆಟ್ಟಿಗೂ ಹಾಕಬೇಡಿ. ಇದರಲ್ಲಿ ರಾಜಿಯಿಲ್ಲ.

ಎತ್ತರ ಅಳೆಯಲು ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ಅದರ ಮಧ್ಯಬಿಂದುವಿನಿಂದ ದಾರದಲ್ಲಿ ಒಂದು ಭಾರ ಇಳಿಬಿಡಿ. ಹಾರುವ ಜಾಗದಿಂದ 20 ಮೀಟರ್ ದೂರ ನಿಂತು, ರಾಕೆಟ್ ತುತ್ತತುದಿಯಲ್ಲಿದ್ದಾಗ ಸ್ಟ್ರಾ ಮೂಲಕ ನೋಡಿ ದಾರವನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ದಾರ ನಿಂತ ಅಂಕಿಯನ್ನು 90ರಿಂದ ಕಳೆದರೆ ಕೋನ ಸಿಗುತ್ತದೆ. 20 ಮೀಟರನ್ನು ಗುಣಿಸಬೇಕಾದ ಸಂಖ್ಯೆ: 30 ಡಿಗ್ರಿಗೆ 0.58, 40ಕ್ಕೆ 0.84, 45ಕ್ಕೆ 1, 50ಕ್ಕೆ 1.19, 60ಕ್ಕೆ 1.73. ಬಂದದ್ದಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿ. 50 ಡಿಗ್ರಿ ಸಿಕ್ಕರೆ ರಾಕೆಟ್ ಸುಮಾರು 25 ಮೀಟರ್ ಏರಿದೆ. ಗಾಳಿಗೆ ರಾಕೆಟ್ ವಾಲುವುದರಿಂದ ಎದುರುಬದುರು ಇಬ್ಬರು ನಿಂತು ಅಳೆದು ಸರಾಸರಿ ತೆಗೆದರೆ ಹೆಚ್ಚು ನಂಬಬಹುದು.

ನೀರನ್ನು ಸೊನ್ನೆ, ಕಾಲು, ಮೂರನೇ ಒಂದು, ಅರ್ಧ, ಮುಕ್ಕಾಲು ಎಂದು ಬದಲಿಸಿ ನಕ್ಷೆ ಬರೆಯಿರಿ. ನೀರೇ ಇಲ್ಲದಿದ್ದರೆ ಎಸೆಯಲು ತೂಕವಿಲ್ಲ. ನೀರು ಹೆಚ್ಚಾದರೆ ಒತ್ತಿಟ್ಟ ಗಾಳಿಗೆ ಜಾಗವಿಲ್ಲ, ಹೊರಬೇಕಾದ ಭಾರವೂ ಹೆಚ್ಚು. ನಡುವೆ ಎಲ್ಲೋ ನಕ್ಷೆ ಗುಡ್ಡ ಕಟ್ಟುತ್ತದೆ. ನಿಮ್ಮ ಬಾಟಲಿಗೆ ಅದು ಎಲ್ಲಿ ಎಂದು ನೀವೇ ಹುಡುಕಬೇಕು. 3 ಬಾರ್ ಒತ್ತಡದಲ್ಲಿ ನೀರು ಸೆಕೆಂಡಿಗೆ ಸುಮಾರು 24 ಮೀಟರ್ ವೇಗದಲ್ಲಿ ಹೊರಬರುತ್ತದೆ. ದ್ರವ ಹೈಡ್ರೊಜನ್ ಉರಿಸುವ ಎಂಜಿನ್ನಿನಲ್ಲಿ ಅನಿಲ ಹೊರಬರುವುದು ಸೆಕೆಂಡಿಗೆ 4 ಕಿ.ಮೀ.ಗೂ ಹೆಚ್ಚು ವೇಗದಲ್ಲಿ. ಬಾಟಲಿಗೂ ಚಂದ್ರನಿಗೂ ನಡುವಿನ ಕಂದಕ ಇದೇ.

ಏಳನೆಯ ಹೆಜ್ಜೆ: ಇಳಿಯುವುದು

ಹಾರಿಸುವವರಿಗಿಂತ ಇಳಿಸುವವರ ಕೆಲಸ ಕಷ್ಟ ಎಂಬುದು ನನ್ನ ಅಭಿಪ್ರಾಯ. ಪ್ಯಾರಾಶೂಟ್ ಹಿಡಿಯಲು ಅಲ್ಲಿ ಗಾಳಿಯಿಲ್ಲ. ಎಂಜಿನ್ನಿನಿಂದಲೇ ವೇಗ ಕುಗ್ಗಿಸಿ, ಉಳಿದ ಪೆಟ್ಟನ್ನು ಕಾಲುಗಳೇ ನುಂಗಬೇಕು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ನೆಲಕ್ಕೆ ಅಪ್ಪಳಿಸಿತು. ಮುಂದಿನ ಬಾರಿಗೆ ಇಸ್ರೋ ಕಾಲುಗಳನ್ನು ಬಲಪಡಿಸಿ, ತಾಳಿಕೊಳ್ಳಬಲ್ಲ ಇಳಿವೇಗವನ್ನು ಸೆಕೆಂಡಿಗೆ 2 ಮೀಟರಿನಿಂದ 3 ಮೀಟರಿಗೆ ಏರಿಸಿತು. 2023ರ ಆಗಸ್ಟ್ 23ರಂದು ವಿಕ್ರಮ್ ದಕ್ಷಿಣ ಧ್ರುವ ಪ್ರದೇಶದ ಸಮೀಪ ಮೆಲ್ಲಗೆ ಇಳಿಯಿತು.

ಆ ಎರಡು ವೇಗಗಳನ್ನು ನಾವೂ ಪರೀಕ್ಷಿಸಬಹುದು. ಭೂಮಿಯ ಮೇಲೆ 20 ಸೆಂ.ಮೀ. ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 2 ಮೀಟರ್, 46 ಸೆಂ.ಮೀ.ನಿಂದ ಬಿದ್ದರೆ 3 ಮೀಟರ್. ರಟ್ಟಿನ ಚೌಕದ ಮೇಲೆ ಬಾಯಿ ಮೇಲಾಗಿ ಒಂದು ಕಾಗದದ ಲೋಟ ಅಂಟಿಸಿ, ಒಳಗೆ ಎರಡು ಗೋಲಿ ಇಡಿ. ಇವರೇ ಯಾತ್ರಿಕರು, ಮೇಲೆ ಮುಚ್ಚಳವಿಲ್ಲ. ಕೆಳಗೆ ಕಾಲುಗಳನ್ನು ನೀವೇ ರೂಪಿಸಿ: ಮಡಚಿದ ಕಾಗದದ ಸ್ಪ್ರಿಂಗು, ಬಾಗಿಸಿದ ಸ್ಟ್ರಾ, ಹತ್ತಿ, ರಬ್ಬರ್ ಬ್ಯಾಂಡು. ಗೋಲಿ ಹೊರಗೆ ಹಾರದೆ, ಲ್ಯಾಂಡರ್ ಮಗುಚದೆ ನಿಂತರೆ ತೇರ್ಗಡೆ. ಮೊದಲು 20 ಸೆಂ.ಮೀ., ಆಮೇಲೆ 46. ಸತತ ಐದು ಬಾರಿ ನಿಲ್ಲಬೇಕು. ಒಮ್ಮೆ ನಿಂತದ್ದು ಅದೃಷ್ಟವೂ ಇರಬಹುದು. ಪ್ರತಿ ಬಾರಿ ಒಂದೇ ಒಂದು ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸುಧಾರಿಸಿತು ಎಂದು ತಿಳಿಯುವುದಿಲ್ಲ. ಪುಟಿಯುವ ಸ್ಪ್ರಿಂಗಿಗಿಂತ ಮುದುಡಿ ಹಾಗೇ ಉಳಿಯುವ ಕಾಗದ ಹೆಚ್ಚಾಗಿ ಗೆಲ್ಲುತ್ತದೆ. ಸ್ಪ್ರಿಂಗು ಶಕ್ತಿಯನ್ನು ಹಿಂತಿರುಗಿಸಿ ಗೋಲಿಗಳನ್ನು ಚಿಮ್ಮಿಸುತ್ತದೆ. ಮುದುಡುವ ಕಾಲು ಅದನ್ನು ನುಂಗಿಬಿಡುತ್ತದೆ. ಅಪೊಲೊದ ಲ್ಯಾಂಡರಿನ ಕಾಲುಗಳೊಳಗೆ ಇದ್ದದ್ದೂ ಜೇನುಗೂಡಿನ ವಿನ್ಯಾಸದ, ಒಮ್ಮೆ ಮುದುಡಿದರೆ ಮುಗಿಯುವ ಅಲ್ಯೂಮಿನಿಯಂ.

ನೆಲ ಸಮವಾಗಿದ್ದಾಗ ಪಾಸಾದವರಿಗೆ ಇನ್ನೆರಡು ಪರೀಕ್ಷೆಗಳಿವೆ. ಕುಳಿ ಬಿದ್ದ ಅದೇ ಹಿಟ್ಟಿನ ಟ್ರೇಯ ಮೇಲೆ ಬೀಳಿಸಿ, ಒಂದು ಕಾಲು ಕುಳಿಯೊಳಗೆ ಹೋದರೂ ನಿಲ್ಲುತ್ತದೆಯೇ ನೋಡಿ. ಆಮೇಲೆ ನೆಲದ ಮೇಲೆ ರಟ್ಟು ಹಾಸಿ, ಲ್ಯಾಂಡರ್ ಮುಟ್ಟುವ ಕ್ಷಣಕ್ಕೆ ಇನ್ನೊಬ್ಬರು ಅದನ್ನು ನಿಧಾನವಾಗಿ ಪಕ್ಕಕ್ಕೆ ಎಳೆಯಲಿ. ನೇರ ಬಿದ್ದಾಗ ಗಟ್ಟಿಯಾಗಿ ನಿಂತವು ಇಲ್ಲಿ ಮಗುಚುತ್ತವೆ. 2024ರ ಜನವರಿಯಲ್ಲಿ ಜಪಾನಿನ ಸ್ಲಿಮ್, ಫೆಬ್ರವರಿಯಲ್ಲಿ ಅಮೆರಿಕದ ಒಡಿಸಿಯಸ್ ಚಂದ್ರನನ್ನು ಮುಟ್ಟಿಯೂ ನೆಟ್ಟಗೆ ನಿಲ್ಲದೆ ಒರಗಿಕೊಂಡವು. ಕಾಲುಗಳನ್ನು ಅಗಲಿಸಿ, ಗೋಲಿಗಳ ಲೋಟವನ್ನು ಎಷ್ಟು ಸಾಧ್ಯವೋ ಅಷ್ಟು ಕೆಳಗಿಳಿಸಿ, ಮತ್ತೆ 46 ಸೆಂ.ಮೀ.ಗೆ ಎತ್ತಿ ಬಿಡಿ.